ಗೋಡೆಯಾಚೆಯ ಪಾಸ್‌ವರ್ಡ್

ಝರಾಸಂಗಂನ ಒಂದು ಮನೆಗೆ ಕಂಪನಿಯ ಹೊಸ ರೌಟರ್ ಕೂಡಿಸಲು ಹೋಗಿದ್ದೆ. ಹಳೆಯದೂ ಒಳಕೋಣೆಗೆ ಇರಲಿ ಅಂದರು.

"ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರ ಫೋನು ತಾವೇ ಹತ್ತತಾವ. ಹಳೇದ್ರ ಪಾಸ್‌ವರ್ಡ್ ಏನ್ರಿ ಅಕ್ಕಾ?"

ಅಕ್ಕನಿಗೂ ನೆನಪಿಲ್ಲ, ಗಂಡನಿಗೂ ಇಲ್ಲ. ನಾನು ಹಳೆಯದನ್ನು ಬಂದ್ ಮಾಡಿ ಕೂತೆ. ಅವರು ಪಾಸ್‌ವರ್ಡ್ ಬರೆದಿಟ್ಟ ಚೀಟಿಗಾಗಿ ಟ್ರಂಕು ಹುಡುಕಿದರು.

ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೂಗಿದಳು: "ಎಷ್ಟೊತ್ತು ಹುಡುಕ್ತೀರಿ? ನಿಮ್ಮ ಎಮ್ಮಿ ಹೆಸರಲ್ಲೇನು! ಗಂಗಿ, ಒಂದು ಎರಡು ಮೂರು!"

ನಲ್ಲಿ ನೀರಿನ ಜಗಳವಾಗಿ ಆ ಎರಡು ಮನೆಗೂ ವರ್ಷದಿಂದ ಮಾತಿಲ್ಲವಂತೆ.

"ಮಾತು ಬಿಟ್ಟಾಳ, ನಮ್ಮ ವೈಫೈ ಬಿಟ್ಟಿಲ್ಲ ನೋಡ್ರಿ!" ಅಕ್ಕ ಉರಿದೆದ್ದಳು.

"ಬ್ಯಾರೆ ಪಾಸ್‌ವರ್ಡ್ ಇಡ್ಲೇನ್ರಿ?"

ಅಕ್ಕ ಗೋಡೆಯತ್ತ ನೋಡಿದಳು. "ಬ್ಯಾಡ್ರಿ. ಮತ್ತ ಮರೆತರ ಯಾರಿಗೆ ಕೇಳೂದು?"

ಎರಡೂ ಡಬ್ಬಿಯ ದೀಪ ಹತ್ತಿದವು. ಗೋಡೆಯಾಚೆ ಅರ್ಧಕ್ಕೆ ನಿಂತಿದ್ದ ಸೀರಿಯಲ್ಲೂ ಮುಂದುವರಿಯಿತು.