ಮಾವನ ಎಡಗೈಯ ಡಬ್ಬಿ

ಮಾರ್ಚ್ ಬಂತೆಂದರೆ ನನಗೆ ಸಾಕು ಸಾಕಾಗುತ್ತದೆ. ತೋಟಕ್ಕೆ ನೀರು ಬಿಡುವ ಕಾಲ, ವೋಲ್ಟೇಜ್ ಇರುವುದಿಲ್ಲ, ಪಂಪಿನ ಮೋಟರುಗಳು ಸುಟ್ಟು ಕಾಣಿಯೂರಿನ ನನ್ನ ವೈಂಡಿಂಗ್ ಅಂಗಡಿಗೆ ಬಂದು ಬೀಳುತ್ತವೆ. ವಾರವಿಡೀ ತಾಮ್ರದ ತಂತಿ ಸುತ್ತಿದ ಬೆರಳುಗಳು ಶನಿವಾರ ಸಂಜೆ ಮತ್ತೆ ತಂತಿಯನ್ನೇ ಹಿಡಿಯಬೇಕು. ನಮ್ಮ ಭಜನಾ ಮಂದಿರದಲ್ಲಿ ಹಾರ್ಮೋನಿಯಂನ ಕೆಲಸವನ್ನು ಈಗ ನನ್ನ ಹಳೆಯ ಎಲೆಕ್ಟ್ರಿಕ್ ಗಿಟಾರು ಮಾಡುತ್ತದೆ.

ಇದು ನಾನು ಬೇಡಿ ಪಡೆದ ಭಾಗ್ಯವಲ್ಲ. ಅಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದವರು ನನ್ನ ಸೋದರಮಾವ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಅವರ ಬಲಗೈ ಸ್ವಾಧೀನ ತಪ್ಪಿತು. ಅದೇ ಮಳೆಗಾಲದಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಅರ್ಧ ಸ್ವರಗಳೂ ಮೂಕವಾದವು. ಹೊಸದು ತರುವ ಶಕ್ತಿ ಮಂದಿರಕ್ಕಿಲ್ಲ, ತಂದರೂ ನುಡಿಸುವವರಿಲ್ಲ. ಕಾಲೇಜಿನಲ್ಲಿ ಗಿಟಾರು ಹಿಡಿದು ಕುಣಿದವನೊಬ್ಬ ಊರಿನಲ್ಲೇ ಇದ್ದಾನೆಂದು ಯಾರಿಗೋ ನೆನಪಾಯಿತು.

ಮೊದಲ ಶನಿವಾರ ಬರೀ ಟಿಣ್ ಟಿಣ್ ಎಂದಿತು. ಭಜನೆಗೆ ಬೇಕಾದದ್ದು ಕಡಿಯದೆ ಎಳೆದುಕೊಂಡು ಹೋಗುವ ಸ್ವರ. ಮೊಬೈಲಿನಲ್ಲಿ ಹುಡುಕಿದರೆ ಯಾರ್ಯಾರೋ ಗಿಟಾರಿನಿಂದಲೇ ಸಿಂತಸೈಜರಿನ ಸ್ವರ ಹೊರಡಿಸುತ್ತಿದ್ದರು. ಅವರ ಕಾಲಬುಡದಲ್ಲಿದ್ದ, ಸ್ವರದ ಬಣ್ಣ ಬದಲಿಸುವ ಪೆಡಲುಗಳನ್ನು ಕೊಳ್ಳಬೇಕಾದರೆ ನಾನು ಅಂಗಡಿ ಮಾರಬೇಕು. ಆದರೆ ಗುಟ್ಟು ಸಣ್ಣದು. ತಂತಿ ಮೀಟಿದ ಪೆಟ್ಟು ಕೇಳಬಾರದು, ಅಷ್ಟೇ. ವಾಲ್ಯೂಮ್ ಪೂರ್ತಿ ಇಳಿಸಿ ಮೀಟಿ, ಮೆಲ್ಲನೆ ಏರಿಸಬೇಕು. ಪುತ್ತೂರಿನಲ್ಲಿ ರಸಮಂಜರಿ ವಾದ್ಯತಂಡ ಬಿಟ್ಟವರೊಬ್ಬರಿಂದ ಪ್ರತಿಧ್ವನಿ ಕೊಡುವ ಹಳೆಯ ಪೆಡಲೊಂದನ್ನು ತಂದೆ. ಅದು ಒಂದು ಸ್ವರವನ್ನು ಇನ್ನೊಂದಕ್ಕೆ ಅಂಟಿಸುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದಳು ಹೆಂಡತಿ. ವಾಲ್ಯೂಮ್ ನಾಬ್ ತಿರುಗಿಸುವ ಕೆಲಸ ಕಿರುಬೆರಳಿನ ಪಾಲಿಗೆ ಬಂತು. ಎರಡನೆಯ ಭಜನೆಗೇ ಅದು ಸೋತು ಮರಗಟ್ಟುತ್ತಿತ್ತು.

ಒಂದು ಶನಿವಾರ ಅತ್ತೆ ಮಾವನನ್ನು ರಿಕ್ಷಾದಲ್ಲಿ ಕರೆತಂದರು. ಮಾವ ಕಂಬಕ್ಕೆ ಒರಗಿ ಕೊನೆಯವರೆಗೂ ಕೇಳಿದರು.

"ಸ್ವರ ಉಂಟು, ಉಸಿರು ಇಲ್ಲ ಮಾರಾಯ," ಎಂದರು.

ನನಗೆ ಉರಿಯಿತು. ಮುಂದಿನ ವಾರ ಹಳೆಯ ರೇಡಿಯೊದ ವಾಲ್ಯೂಮ್ ನಾಬನ್ನು ಟಿಫಿನ್ ಡಬ್ಬಿಯೊಂದಕ್ಕೆ ಕೂರಿಸಿ, ಗಿಟಾರಿಗೂ ಪೆಡಲಿಗೂ ನಡುವೆ ವಯರು ಬೆಸೆದು, ಡಬ್ಬಿಯನ್ನು ಅವರ ಎಡಗೈಯ ಬುಡದಲ್ಲಿಟ್ಟೆ. ಉಸಿರು ನೀವೇ ಕೊಡಿ ಎಂದೆ. ಸಿಟ್ಟಿನಲ್ಲಿ ಕೊಟ್ಟದ್ದು. ಆದರೆ ಮೂವತ್ತು ವರ್ಷ ಹಾರ್ಮೋನಿಯಂಗೆ ಗಾಳಿ ಹಾಕಿದ್ದು ಅದೇ ಎಡಗೈ. ನಾನು ಮೀಟಿದೆ, ಅವರು ಏರಿಸಿದರು, ಇಳಿಸಿದರು. ಹಾಡುತ್ತಿದ್ದವರೆಲ್ಲ ಒಮ್ಮೆ ತಿರುಗಿ ನೋಡಿದರು. ಈಗ ಮಾವ ವಾರವೆಲ್ಲ ಶನಿವಾರಕ್ಕೆ ಕಾಯುತ್ತಾರೆ, ಅವರಿಗೆ ಉಳಿದ ಕೆಲಸವೆಂದರೆ ಇದೊಂದೇ ಎಂದು ಅತ್ತೆ ಹೇಳಿದರು. ನನ್ನ ಕೊರಳಿಗೆ ಉರುಳು ಬಿತ್ತೆಂದೇ ನನಗೆ ಅನಿಸಿದ್ದು, ಸುಳ್ಳು ಯಾಕೆ ಹೇಳಲಿ.

ಈ ಬೇಸಿಗೆಯಲ್ಲಿ ಡಬ್ಬಿಯೊಳಗಿನ ಬೆಸುಗೆ ಬಿಟ್ಟಿತು. ಮಾವ ಎಷ್ಟು ತಿರುಗಿಸಿದರೂ ಸ್ವರ ಒಂದೇ ಮಟ್ಟ. ಹತ್ತು ನಿಮಿಷದ ಕೆಲಸ. ಆದರೆ ಅಂಗಡಿ ಮುಚ್ಚಿದ ಮೇಲೆ ಮತ್ತೆ ಸೋಲ್ಡರ್ ಹಿಡಿಯುವ ಜೀವ ನನ್ನಲ್ಲಿರಲಿಲ್ಲ. ಅವರ ಕೈಯನ್ನೇ ನೋಡುತ್ತ, ಅದು ಏರಿಸಿದಾಗ ಗಿಟಾರಿನ ನಾಬನ್ನು ಕಿರುಬೆರಳಿನಿಂದ ಏರಿಸಿ, ಇಳಿಸಿದಾಗ ಇಳಿಸಿ ಹೇಗೋ ಸುಧಾರಿಸಿದೆ. ಮಾವನಿಗೆ ತಿಳಿದಿಲ್ಲವೆಂದು ಸಮಾಧಾನ ಮಾಡಿಕೊಂಡೆ. ಮಳೆ ಹಿಡಿದ ಮೇಲೆ ಭಜನೆಗೆ ಬರುವುದನ್ನೇ ಬಿಟ್ಟುಬಿಡಬೇಕೆಂದೂ ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಮೂರನೆಯ ಶನಿವಾರ, ಪ್ರಸಾದದ ಅವಲಕ್ಕಿ ತಿನ್ನುತ್ತ ಮಾವ ಮೆಲ್ಲಗೆ ಹೇಳಿದರು: "ಡಬ್ಬಿ ಹಾಳಾಗಿ ಮೂರು ವಾರ ಆಯ್ತಲ್ಲ. ನಿನ್ನ ಬೆರಳು ಸೋಲುದು ನನಗೆ ಕೇಳ್ತದೆ."

ಗೊತ್ತಿದ್ದೂ ಯಾಕೆ ತಿರುಗಿಸುತ್ತಿದ್ದಿರಿ ಎಂದು ಕೇಳಿದೆ.

"ಹೇಳಿದ್ರೆ ನೀನು ಅದನ್ನೇ ನೆಪ ಮಾಡಿ ಬಿಟ್ಟುಬಿಡ್ತೀಯೋ ಅಂತ ಹೆದರಿಕೆ. ನಿನಗೆ ಸಾಕಾದ್ದು ನನಗೆ ಗೊತ್ತುಂಟು."

ಮಂದಿರದಿಂದ ಹೊರಡುವಾಗ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡೆ. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಐದು ಮೋಟರುಗಳು ಕಾಯುತ್ತಿದ್ದವು, ಅವುಗಳಲ್ಲಿ ಒಂದರ ಯಜಮಾನರು ಬೆಂಚಿನಲ್ಲೇ ಕೂತಿದ್ದರು. ಸ್ವಲ್ಪ ಹೊತ್ತು ತಡೆಯಿರಿ ಎಂದು ಅವರಿಗೆ ಹೇಳಿ, ಮಾವನ ಡಬ್ಬಿಯ ಮುಚ್ಚಳ ಬಿಚ್ಚಿದೆ.