ಮೂತಿಯಿಲ್ಲದ ತೆಪ್ಪ

ಸಮುದ್ರ ಎಂದರೆ ಮಂಡ್ಯದವರಿಗೆ ಟಿವಿಯಲ್ಲಿ ಬರುವ ವಸ್ತು. ಇದರಿಂದ ನಮಗೆ ಬಹಳ ಅನುಕೂಲವಾಗಿತ್ತು. ಗುತ್ತಲಿನ ಟೀ ಅಂಗಡಿಯ ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಕೂತು, ನೌಕಾಪಡೆಯಿಂದ ನಿವೃತ್ತರಾದ ನಾನೂ ಹನಕೆರೆಯ ನನ್ನ ಗೆಳೆಯನೂ ಏನು ಹೇಳಿದರೂ ಅಡ್ಡಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಅವನು ಹಡಗಿನ ಎಂಜಿನ್ ಕೋಣೆಯಲ್ಲಿದ್ದವನು. ಹದಿನೈದು ವರ್ಷದಲ್ಲಿ ಸಮುದ್ರ ಕಂಡದ್ದಕ್ಕಿಂತ ಆಯಿಲ್ ಕಂಡದ್ದೇ ಹೆಚ್ಚು. ಆದರೂ ಅವನ ಕತೆಯ ತಿಮಿಂಗಿಲ ವರ್ಷಕ್ಕೆ ಒಂದೆರಡು ಮಾರು ಬೆಳೆಯುತ್ತಿತ್ತು. ನಾನು ತಡೆಯುತ್ತಿರಲಿಲ್ಲ. ಅವನೂ ನನ್ನ ಚಂಡಮಾರುತದ ತಂಟೆಗೆ ಬರುತ್ತಿರಲಿಲ್ಲ.

ಆ ಚಂಡಮಾರುತದ ಮೇಲೆಯೇ ನನ್ನ ಸಂಸಾರ ನಿಂತಿದೆ. ನನ್ನ ಮಾವ ಕಬ್ಬಿನ ಗದ್ದೆಯ ಮನುಷ್ಯ. ನೀರಿನ ಮೇಲೆ ದುಡಿಯುವವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಹೆಣ್ಣು ನೋಡಲು ಹೋದ ದಿನ ಉಪ್ಪಿಟ್ಟಿನ ತಟ್ಟೆ ಕೈಯಲ್ಲಿಟ್ಟುಕೊಂಡೇ ನಾನು ಹೇಳಿದೆ: ಬಂಗಾಳಕೊಲ್ಲಿಯಲ್ಲಿ ಮೂರು ದಿನ ಬಿರುಗಾಳಿ, ಉಳಿದವರೆಲ್ಲ ಸುಸ್ತಾಗಿ ಬಿದ್ದುಕೊಂಡಾಗ ಚುಕ್ಕಾಣಿ ಹಿಡಿದು ನಿಂತವನು ನಾನೊಬ್ಬನೇ. ಮಾವ ಎದ್ದು ಬಂದು ನನ್ನ ತೋಳು ಹಿಸುಕಿ ನೋಡಿದರು. ಬಾಗಿಲ ಹಿಂದೆ ನಿಂತಿದ್ದ ಹುಡುಗಿಯೂ ಕೇಳಿಸಿಕೊಂಡಳು. ಮುಂದಿನ ತಿಂಗಳೇ ಮದುವೆ.

ನಿಜ ಹೇಳಬೇಕೆಂದರೆ, ಆ ಮೂರು ದಿನ ಬಿದ್ದುಕೊಂಡಿದ್ದವನು ನಾನೇ, ಹಡಗಿನ ಅಡುಗೆಮನೆಯ ನೆಲದ ಮೇಲೆ, ಒಂದು ಬಕೆಟ್ಟಿನ ಪಕ್ಕದಲ್ಲಿ. ಹೊಟ್ಟೆಯೊಳಗೆ ಕರುಳೊಂದು ಬಿಟ್ಟು ಇನ್ನೇನೂ ಉಳಿದಿರಲಿಲ್ಲ. ಮೂವತ್ತೈದು ವರ್ಷ ಈ ವಿಷಯ ಹೊಟ್ಟೆಯಲ್ಲೇ ಇತ್ತು. ಉಳಿದದ್ದೆಲ್ಲ ಹೊರಗೆ ಬಂದರೂ ಅದೊಂದು ಬರಲಿಲ್ಲ.

ಹೋದ ವರ್ಷ ನನ್ನ ಗ್ರಹಚಾರ ಮಳವಳ್ಳಿ ಕಡೆಯಿಂದ ಬಂತು. ಗುತ್ತಲಿಗೆ ಹೊಸದಾಗಿ ಬಂದು ನೆಲೆಸಿದ ಒಬ್ಬ ಮಾಜಿ ಸೈನಿಕನನ್ನು ಹನಕೆರೆಯವನು ಟೀ ಅಂಗಡಿಗೆ ಕರೆತಂದ. ನೋಡಿದರೆ, ನಮ್ಮ ಹಡಗಿನ ಅಡುಗೆಯವನು! ಆ ಬಕೆಟ್ಟು ಅವನದೇ. ಮೂರು ದಿನ ನನ್ನ ಹಣೆ ಹಿಡಿದಿದ್ದವನೂ ಅವನೇ. ಅವನು ನನ್ನನ್ನು ಗುರುತಿಸಿ ನಕ್ಕ. ಒಂದು ವಡೆ ತರಿಸಲೇ ಎಂದು ಕೇಳಿದೆ. ಎರಡು ತರಿಸು ಎಂದ.

ಅಲ್ಲಿಂದ ಭಾನುವಾರ ಬಂದರೆ ವಡೆಯ ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡೇ ಹೊರಡುತ್ತಿದ್ದೆ. ನಾನು ಕತೆ ಶುರು ಮಾಡಿದ ಕೂಡಲೇ ಅವನು ಗಲ್ಲ ಕೆರೆದುಕೊಂಡು, ಆ ಬಿರುಗಾಳಿಯಲ್ಲಿ ಇನ್ನೇನೋ ಆಗಿತ್ತಲ್ಲ, ನೆನಪಿಗೆ ಬರುತ್ತಾ ಇದೆ ಎನ್ನುತ್ತಿದ್ದ. ನಾನು ವಡೆ ಹೇಳುತ್ತಿದ್ದೆ. ಬಿಸಿ ವಡೆ ಬಾಯಿಗೆ ಹೋದೊಡನೆ ಅವನಿಗೆ ಮರೆವು. ಮನುಷ್ಯ ಕೆಟ್ಟವನಲ್ಲ, ಆದರೆ ಹಸಿವು ಜಾಸ್ತಿ.

ಹೀಗಿರುವಾಗ ನನ್ನ ಭಾವಮೈದುನರು ಮುತ್ತತ್ತಿಯಲ್ಲಿ ಹರಕೆ ತೀರಿಸಿ ಹೊಳೆದಂಡೆಯಲ್ಲಿ ಅಡುಗೆ ಇಟ್ಟುಕೊಂಡರು. ನಿಮ್ಮ ಹಡಗಿನವರನ್ನೂ ಕರೆಯಿರಿ ಎಂದಳು ನನ್ನ ಹೆಂಡತಿ. ಕರೆಯದಿದ್ದರೆ ಯಾಕೆ ಎಂದು ಕೇಳುತ್ತಾಳೆ, ಕರೆದರೆ ಅವನು ಬಾಯಿ ಬಿಡುತ್ತಾನೆ. ಕೊನೆಗೆ ಕರೆದೆ. ಅಲ್ಲಿ ವಡೆ ಇರಲಿಲ್ಲ. ಅವನ ಎಲೆಗೆ ನಾನೇ ಕೈಯಾರೆ ಮುದ್ದೆ, ಮಾಂಸದ ಸಾರು ಬಡಿಸಿದೆ. ಜೊತೆಗೆ ನಾನೂ ಎರಡು ಮುದ್ದೆ ಇಳಿಸಿದೆ. ಅದೇ ತಪ್ಪಾಯಿತು.

ಊಟವಾದ ಮೇಲೆ ಹೆಂಡತಿಗೆ ತೆಪ್ಪದಲ್ಲಿ ಒಂದು ಸುತ್ತು ಹೋಗುವ ಆಸೆ. ನಾವು ಮೂವರು ನಾವಿಕರೂ ಅವಳೊಂದಿಗೆ ಹತ್ತಿದೆವು. ತೆಪ್ಪದವನು ಹುಟ್ಟು ಎತ್ತಿಕೊಂಡಾಗ ಹನಕೆರೆಯವನಿಗೆ ರೋಷ ಬಂತು. ದೇಶದ ನೌಕಾಪಡೆಯವರು ಮೂರು ಜನ ಇರುವಾಗ ನೀನು ಯಾಕೆ, ಸುಮ್ಮನೆ ಕೂತುಕೋ ಎಂದು ಹುಟ್ಟು ಕಿತ್ತುಕೊಂಡ. ಪಕ್ಕದ ತೆಪ್ಪಗಳಿಂದ ಇನ್ನೆರಡು ಹುಟ್ಟು ಇಸಿದುಕೊಂಡೆವು.

ದೋಣಿ ಎಂದ ಮೇಲೆ ಮೊದಲು ಅದರ ಮೂತಿ, ಎಂದರೆ ಮುಂಭಾಗ, ಯಾವುದು ಎಂದು ಗೊತ್ತಾಗಬೇಕು. ನಮಗೆ ಕಲಿಸಿದ್ದೇ ಹಾಗೆ. ತೆಪ್ಪವೋ ಬುಟ್ಟಿಯ ಹಾಗೆ ದುಂಡಗಿದೆ. ಹನಕೆರೆಯವನು ತಾನು ಕೂತ ಕಡೆಯೇ ಮೂತಿ ಎಂದ. ಅಡುಗೆಯವನು ಅಲ್ಲ, ತನ್ನ ಕಡೆ ಎಂದ. ಸೇವೆಯಲ್ಲಿ ಹಿರಿಯ ನಾನಾದ್ದರಿಂದ ಮೂತಿ ನನ್ನ ಕಡೆಗೇ ಇರಬೇಕು ಎಂದು ನಾನು ವಾದಿಸಿದೆ. ತೀರ್ಮಾನವಾಗದೆಯೇ ಏಕ್ ದೋ, ಏಕ್ ದೋ ಎಂದು ಮೂವರೂ ಪಡೆಯಲ್ಲಿ ಕಲಿತ ಶಿಸ್ತಿನಲ್ಲಿ ನಮ್ಮ ನಮ್ಮ ಬಲಗಡೆಗೆ ಹುಟ್ಟು ಹಾಕಿದೆವು. ತೆಪ್ಪ ದಡದಿಂದ ಎರಡು ಮಾರು ಹೋಗಿ ಬೀಸುವ ಕಲ್ಲಿನ ಹಾಗೆ ಗಿರಗಿರ ತಿರುಗಲು ಶುರುವಾಯಿತು. ಶಿಸ್ತು ಹೆಚ್ಚಿದಷ್ಟೂ ಜೋರಾಗಿ ತಿರುಗಿತು.

"ಒಬ್ರು ಆಕಿ ಸಾಕು ಯಜಮಾನ್ರೇ, ಇಬ್ರು ಕೈ ಬುಡಿ" ಎಂದು ತೆಪ್ಪದವನು ಅಂಗಲಾಚಿದ. ಕೈ ಬಿಡಬೇಕಾದ ಇಬ್ಬರು ಯಾರು ಎಂದು ಮತ್ತೆ ವಾದ.

ಅಷ್ಟರಲ್ಲಿ ನನ್ನ ಹೊಟ್ಟೆಯೊಳಗೆ ಎರಡು ಮುದ್ದೆಗಳೂ ತಿರುಗತೊಡಗಿದವು. ನಾನು ಮುಖ ಕೂಡ ತಿರುಗಿಸದೆ ಹುಟ್ಟು ಹಾಕುತ್ತಲೇ ಇದ್ದೆ. ಆದರೆ ಅಡುಗೆಯವನಿಗೆ ನನ್ನ ಬೆನ್ನು ನೋಡಿಯೇ ತಿಳಿಯಿತು. ಹುಟ್ಟು ಬಿಸಾಕಿ, ತೆಪ್ಪದ ನೀರು ಮೊಗೆಯುವ ಡಬ್ಬವನ್ನು ಸರಿಯಾದ ಹೊತ್ತಿಗೆ ನನ್ನ ಗದ್ದದ ಕೆಳಗೆ ಹಿಡಿದು, ಇನ್ನೊಂದು ಅಂಗೈಯಿಂದ ನನ್ನ ಹಣೆ ಒತ್ತಿ ಹಿಡಿದ. ಪಾಪ, ಅವನು ಬೇಕೆಂದು ಮಾಡಿದ್ದಲ್ಲ. ಕೈಗೆ ಅಭ್ಯಾಸ.

ಹೆಂಡತಿ ಅವನ ಕೈ ನೋಡಿದಳು, ನನ್ನನ್ನು ನೋಡಿದಳು.

"ಎಷ್ಟ್ ದಿನ ಇಂಗೆ ಇಡ್ಕಂಡಿದ್ರಿ ಅಣ್ಣ?"

ನಾನು ಡಬ್ಬದೊಳಗಿಂದಲೇ ಕಣ್ಸನ್ನೆ ಮಾಡಲು ನೋಡಿದೆ. ಆಗಲಿಲ್ಲ.

"ಮೂರ್ ದಿನ ಕಣಮ್ಮ" ಎಂದ ಅವನು, ತಲೆ ತಗ್ಗಿಸಿ.

ನನಗೆ ಹೊಳೆಗೆ ಹಾರಿಬಿಡೋಣ ಎನಿಸಿತು. ಅವಳು ಸೆರಗಿನ ತುದಿ ಒದ್ದೆ ಮಾಡಿ ನನ್ನ ಮುಖ ಒರೆಸಿದಳು.

"ಮದ್ವೆ ಮಾರ್ನೇ ದಿನ ಮಳವಳ್ಳಿ ಬಸ್ಸಲ್ಲಿ ನನ್ ದಾರೆ ಸೀರೆ ಮೇಲೆ ಕಕ್ಕಂಡ್ರಲ್ಲ, ಅವತ್ತೇ ಗೊತ್ತಾಯ್ತು, ಇವ್ರು ಯಾವ್ ಚುಕ್ಕಾಣಿನೂ ಇಡ್ದಿಲ್ಲ ಅಂತ" ಎಂದಳು. "ನಮ್ಮಪ್ಪ ಊರ್ಗೆಲ್ಲ ಸಾರ್ಕಂಡ್ ಬಂದಿತ್ತು. ಸುಮ್ಕಾದೆ."

ನಾಚಿಕೆ ಆಯಿತು. ಅದಕ್ಕಿಂತ ಹೆಚ್ಚಾಗಿ, ಮೂವತ್ತೈದು ವರ್ಷದಿಂದ ಹೊತ್ತಿದ್ದ ಮೂಟೆ ಇಳಿಸಿದಂತಾಗಿ ಅಳು ಬಂತು. ತೆಪ್ಪದವನು ಹುಟ್ಟು ತೆಗೆದುಕೊಂಡು ನಾಲ್ಕೇ ಎಳೆತದಲ್ಲಿ ದಡ ಮುಟ್ಟಿಸಿದ.

ದೂರದ ಒಲೆಗಳ ಬಳಿಯಿಂದ ತೆಪ್ಪ ತಿರುಗುವುದನ್ನಷ್ಟೇ ಕಂಡಿದ್ದ ಭಾವಮೈದುನರು ಆಗ ತಾನೇ ಓಡಿ ಬಂದು ದಡದಲ್ಲಿ ಗುಂಪುಗೂಡಿದರು. ಬಾವನ ಮುಖ ಯಾಕೆ ಹೀಗೆ ಬೆಳ್ಳಗಾಗಿದೆ, ತೆಪ್ಪ ಯಾಕೆ ಹಾಗೆ ತಿರುಗಿತು ಎಂದು ಒಟ್ಟಿಗೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಸೀರೆ ಕೊಡವಿಕೊಂಡು ಮುಂದೆ ಬಂದಳು.

"ಸುಳಿಗೆ ಸಿಕ್ಕಾಕ್ಕಂಡಿದ್ವಿ ಕಣ್ರಪ್ಪ" ಎಂದಳು. "ಇವ್ರೆಲ್ಲ ಕೈ ಬುಟ್ಬುಟ್ರು. ನಿಮ್ ಬಾವ ಒಬ್ರೇ ಹುಟ್ ಇಡ್ದು ದಡಕ್ ತಂದಿದ್ದು."

ತೆಪ್ಪದವನು ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ. ಅವಳು ಅವನಿಗೂ ಒಂದು ಎಲೆ ಹಾಕಿಸಿದಳು.