ಅವಳು ಕೊಡದ ಕೂಗು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕಿರುಚಕ್ಕ ಅಂತಲೇ ಕರೆಯುತ್ತಿದ್ದರು. ದೆವ್ವದ ಸಿನಿಮಾದಲ್ಲಿ ನಾಯಕಿ ಬಾಯಿ ತೆರೆದರೆ ಸಾಕು, ಕೂಗು ಇವಳದು. ಹನ್ನೊಂದು ವರ್ಷದಿಂದ ಇದೇ ಕೆಲಸ. ಮನೆಯಲ್ಲಿ ಮಾತ್ರ ದನಿ ಏರಿಸಿದವಳಲ್ಲ. ಗಂಟಲು ಕೆಟ್ಟರೆ ಹೊಟ್ಟೆಪಾಡು ಕೆಟ್ಟಂತೆ ಅಂತ, ಮಗಳನ್ನು ಬೈಯಬೇಕಾದರೂ ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದಾಗ ಮಗಳು ಫೋನ್ ಹಿಡಿದು ಓಡಿಬಂದಳು. "ಅಮ್ಮಾ, ನಿನ್ನ ಹೊಸ ಸಿನಿಮಾ ಟ್ರೈಲರ್ ಬಂದಿದೆ, ನೋಡು!"

ಫೋನಿನ ಪರದೆಯಲ್ಲಿ ಊಟದ ಮೇಜು, ಮಕ್ಕಳ ನಗು. ಆಮೇಲೆ ಸದ್ದುಗಳು ಒಂದೊಂದಾಗಿ ಕಳಚಿಕೊಂಡವು. ಮೊದಲು ರಸ್ತೆ, ಆಮೇಲೆ ಫ್ಯಾನು, ಕೊನೆಗೆ ಗಡಿಯಾರ. ಕ್ಯಾಮೆರಾ ಅರೆತೆರೆದ ಬಾಗಿಲ ಕಡೆ ನಿಧಾನವಾಗಿ ಸರಿಯಿತು. ಪರದೆ ಕಪ್ಪಾಯಿತು. ಆ ಕತ್ತಲಲ್ಲಿ ಒಂದು ಕೂಗು.

ಅವಳ ಕೈಯಲ್ಲಿದ್ದ ಅಂಗಿ ಜಾರಿಬಿತ್ತು. ದನಿ ಅವಳದೇ. ಆದರೆ ಈ ಚಿತ್ರಕ್ಕೆ ಕೊಟ್ಟ ಮೂರು ಕೂಗುಗಳಲ್ಲಿ ಇದು ಯಾವುದೂ ಅಲ್ಲ. ಮತ್ತೆ ಮತ್ತೆ ಹಾಕಿಸಿ ಕೇಳಿದಳು. ನಾಲ್ಕನೆಯ ಸಲಕ್ಕೆ ಗೊತ್ತಾಯಿತು.

ಹೋದ ವರ್ಷ ರೆಕಾರ್ಡಿಂಗ್ ಕೋಣೆಯಲ್ಲಿದ್ದಾಗಲೇ ತಮ್ಮನ ಫೋನ್ ಬಂದಿತ್ತು. "ಅಕ್ಕ, ಅಪ್ಪ ಹೋಗ್ಬಿಟ್ರು." ಅವಳು ಕೂಗಿದ್ದು 'ಅಪ್ಪಾ' ಅಂತ. ಯಾರೋ ಮೊದಲ ಭಾಗ ಕತ್ತರಿಸಿ, ಕೊನೆಯ 'ಆ' ಅನ್ನು ಎಳೆದು ಇಲ್ಲಿ ಕೂರಿಸಿದ್ದರು.

ಅವತ್ತು ಮೈಕಿನ ಮೇಲಿನ ಕೆಂಪು ದೀಪ ಆರಿತ್ತು, ಅಂದರೆ ರೆಕಾರ್ಡಿಂಗ್ ನಿಂತಿತ್ತು. ಹಾಗಾದರೆ ಕೇಳಿಸಿಕೊಳ್ಳುತ್ತಿದ್ದವರು ಯಾರು?

ಮೊದಲು ಅನುಮಾನ ಹೋದದ್ದು ಸೌಂಡಣ್ಣನ ಮೇಲೆ. ಮೈಕು ನೋಡಿಕೊಳ್ಳುವವನು ಅವನೇ. ಅವತ್ತು ಸ್ಕೂಟರಿನಲ್ಲಿ ಅವಳನ್ನು ಬಸ್ ನಿಲ್ದಾಣಕ್ಕೆ ಬಿಟ್ಟು, ಬಸ್ಸು ಹೊರಡುವ ತನಕ ಕಾದವನೂ ಅವನೇ. ಯಾಕೆ ಅಷ್ಟು ಅಕ್ಕರೆ? ತಪ್ಪು ಮಾಡಿದವರೇ ಹಾಗೆ ಹಲ್ಲುಕಿರಿದು ಓಡಾಡುವುದು ಅಂತ ಮನಸ್ಸು ಚುಚ್ಚಿತು. ಆ ವಾರವೆಲ್ಲ ಅವನು ನಕ್ಕರೆ ಒಂದು ಅರ್ಥ, ನಗದಿದ್ದರೆ ಇನ್ನೊಂದು ಅರ್ಥ. ಟ್ರೈಲರ್ ಕೂಡಿಸಿದ ಎಡಿಟರ್ ಅಂತೂ ಎದುರಿಗೆ ಸಿಕ್ಕಾಗಲೆಲ್ಲ ಫೋನ್ ಕಿವಿಗಿಟ್ಟುಕೊಂಡು ದಾಟಿಹೋಗುತ್ತಿದ್ದ. ಬಾಯಿಬಿಟ್ಟು ಕೇಳಿದರೆ ಇಬ್ಬರೂ ಇಲ್ಲ ಅಂದಾರು.

ಶುಕ್ರವಾರ ಕೆಲಸ ಮುಗಿದು ಕೆಂಪು ದೀಪ ಆರಿದ ಮೇಲೂ ಅವಳು ರೆಕಾರ್ಡಿಂಗ್ ಕೋಣೆಯಲ್ಲೇ ನಿಂತಳು. ಫೋನಿನಲ್ಲಿ ಮಾತಾಡುವವಳಂತೆ ಮೆಲ್ಲಗೆ ಹೇಳಿದಳು: "ಅಯ್ಯೋ, ಎಷ್ಟು ದಪ್ಪ ಚೇಳು ಅಂತೀಯಾ! ಈಗಷ್ಟೇ ಬಾಗಿಲ ಸಂದೀಲಿ ಆ ಕಡೆ ರೂಮುಗಳಿಗೆ ಹೋಯ್ತು."

ಹೊರಗೆ ಬಂದಳು. ಸೌಂಡಣ್ಣ ಮೇಜಿನ ಕೆಳಗೆ ಬರಿಗಾಲು ಚಾಚಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದ. ಪಕ್ಕದ ಕೋಣೆಗೆ ಇಣುಕಿದಳು. ಎಡಿಟರ್ ಎರಡೂ ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು, ಟಾರ್ಚು ಹಾಕಿ ನೆಲ ನೋಡುತ್ತಿದ್ದ.

"ಚೇಳಿನ ವಿಷಯ ನಿಮಗೆ ಯಾರು ಹೇಳಿದ್ರು?"

ಅವನ ಮುಖ ಬಿಳಿಚಿಕೊಂಡಿತು. "ಅಕ್ಕ... ಆ ಮೈಕಿಂದ ನನ್ನ ರೂಮಿಗೂ ಒಂದು ವೈರ್ ಇದೆ. ಯಾವಾಗ್ಲೂ ಆನ್ ಇರುತ್ತೆ."

"ನಾನು ಯಾಕೆ ಕೂಗಿದ್ದು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ನಟಿಸಿದ ಕೂಗಿಗೆ ಜನ ಈಗ ನಗ್ತಾರೆ, ಅಕ್ಕ. ಅದಕ್ಕೇ..."

"ನಮ್ಮಪ್ಪ ಸತ್ತಿದ್ದಕ್ಕೆ ಬೆಚ್ಚಿಬೀಳ್ತಾರೆ, ಅಲ್ವಾ?" ಆ ಸ್ಟುಡಿಯೋದಲ್ಲಿ, ನಟಿಸದೆ, ಅವಳ ದನಿ ಏರಿದ್ದು ಎರಡನೆಯ ಸಲ. "ಇವತ್ತೇ ತೆಗೀಬೇಕು. ಇಲ್ಲಾಂದ್ರೆ ನಿರ್ಮಾಪಕರ ಮುಂದೆ ನಿಂತು ಎಲ್ಲ ಹೇಳ್ತೀನಿ."

ಸೌಂಡಣ್ಣ ಬಾಗಿಲಿಗೆ ಬಂದು ನಿಂತಿದ್ದ. ವಿಷಯ ಅರ್ಥವಾದದ್ದೇ ತಡ, ಒಳಗೆ ಹೋಗಿ ಗೋಡೆಯಿಂದ ಆ ವೈರನ್ನು ಕಿತ್ತೆಸೆದ. ಅವನ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು.

ಅವತ್ತು ರಾತ್ರಿಯೇ ಟ್ರೈಲರ್ ಬದಲಾಯಿತು. ಆ ಜಾಗಕ್ಕೆ ಅವಳ ಬೇರೆ ಕೂಗುಗಳನ್ನು ಹಾಕಿ ನೋಡಿದರು, ಕೂರಲಿಲ್ಲ. "ಏನೂ ಬೇಡ, ಖಾಲಿ ಬಿಡಿ," ಅಂದಳು. ಕಪ್ಪು ಪರದೆ, ಬರೀ ಮೌನ. ಎಷ್ಟೋ ಹೊತ್ತಿನ ಮೇಲೆ ಚಿಲಕ ಸರಿದ ಸದ್ದು. ಮೂವರೂ ತಮಗೇ ಗೊತ್ತಿಲ್ಲದೆ ಉಸಿರು ಬಿಗಿಹಿಡಿದಿದ್ದರು.

ಎಡಿಟರ್ ಅವಳ ಕಣ್ಣೆದುರೇ ಆ ಕೂಗನ್ನು ಅಳಿಸಿದ. "ಇನ್ನೆಲ್ಲೂ ಇಟ್ಟಿಲ್ಲ ಅಂತ ಹೇಗೆ ನಂಬಲಿ?" ಅಂದಳು ಅವಳು.

ಅವಳು ಈಗಲೂ ಅಲ್ಲೇ ಕೆಲಸ ಮಾಡುತ್ತಾಳೆ. ಯಾವ ದೆವ್ವದ ಸಿನಿಮಾ ಟ್ರೈಲರ್ ಬಂದರೂ, ಯಾರು ಮಾಡಿದ್ದಾದರೂ, ಕಣ್ಣು ಮುಚ್ಚಿ ಒಮ್ಮೆ ಪೂರ್ತಿ ಕೇಳುತ್ತಾಳೆ.